ಉಗುರಿಗೆ ಸಿಕ್ಕದ ಗೆರೆ

ಈಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಕಾರುಗಳೇ ಹೆಚ್ಚು. ಬೆಳಿಗ್ಗೆ ಹಾಲಿಗೆ ಹೊರಟರೆ ಎರಡು ಕಾರುಗಳ ನಡುವೆ ಸೆರಗು ಬಿಗಿದುಕೊಂಡು ಅಡ್ಡಡ್ಡ ನುಸುಳಬೇಕು. ನುಸುಳುವಾಗ ನನ್ನ ಕಣ್ಣು ಸುಮ್ಮನಿರುವುದಿಲ್ಲ. ಬಾನೆಟ್ಟಿನ ಮೇಲೆ ಬಿಸಿಲು ಬಿದ್ದ ಜಾಗವನ್ನು ಒಂದು ಸಲ ಓರೆಯಾಗಿ ನೋಡಿಯೇ ಮುಂದೆ ಹೋಗುವುದು. ಬಿಸಿಲಿನ ಚುಕ್ಕೆಯ ಸುತ್ತ ಕೂದಲೆಳೆಯಂಥ ಗೆರೆಗಳು ಬಳೆ ಬಳೆಯಾಗಿ ಕಂಡರೆ ಆ ಕಾರನ್ನು ಒರೆಸುವವರ ಯೋಗ್ಯತೆ ನನಗೆ ಅಲ್ಲೇ ತಿಳಿಯುತ್ತದೆ. ಮೊನ್ನೆ ಎದುರುಮನೆಯ ಹುಡುಗಿಗೆ ಹೇಳಿದೆ, ಸುತ್ತ ಒರೆಸಬೇಡ, ಉದ್ದಕ್ಕೆ ಒರೆಸು ಅಂತ. "ಆಂಟಿ, ಇದೆಲ್ಲ ನಿಮಗೆ ಹೇಗೆ ಗೊತ್ತು?" ಅಂದಳು. ಹೇಗೆ ಗೊತ್ತು ಅಂದರೆ, ಈ ಬೀದಿ ಇನ್ನೂ ರಾಗಿ ಹೊಲವಾಗಿದ್ದ ಕಾಲದಲ್ಲಿ ಈ ಊರಿನ ಮೊದಲ ಕಾರಿನ ಮೈಮೇಲಿನ ಗೆರೆಗಳನ್ನು ತೆಗೆದವಳು ನಾನು. ಹಾಗೆಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ನಾನು ಮದುವೆಯಾಗಿ ಬಂದಾಗ ಇದು ಜಯನಗರದ ಅಂಚಿನಲ್ಲಿದ್ದ ಹಳ್ಳಿ. ನಮ್ಮ ಮಾವನವರ ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ಬಡಾವಣೆಗೆ ಹೋಗಿಯಾಗಿತ್ತು. ರಾಗಿ ಬೆಳೆಯುತ್ತಿದ್ದ ಕಡೆ ಸೈಟಿನ ಕಲ್ಲುಗಳು ನಿಂತಿದ್ದವು. ಉಳಿದ ಚೂರು ನೆಲಕ್ಕೆ ಒಂದು ಜೊತೆ ಎತ್ತು ಸಾಕಾಯಿತು. ಕೈಗೆ ಬಂದ ದುಡ್ಡಿನಲ್ಲಿ ಮಾವ ಮಾಡಿದ ಮೊದಲ ಕೆಲಸವೆಂದರೆ ಬಸವನಗುಡಿಯ ಒಬ್ಬ ನಿವೃತ್ತ ಅಧಿಕಾರಿಯ ಹಳೆಯ ಕಪ್ಪು ಕಾರನ್ನು ಕೊಂಡದ್ದು. ಮನೆ ಸೋರುತ್ತಿರುವಾಗ ಕಾರು ಯಾಕೆ ಎಂದು ಊರೆಲ್ಲ ಕೇಳಿತು. "ನೆಲ ಹೋದ್ಮೇಲೆ ತಲೆ ಎತ್ಕಂಡು ಓಡಾಡಕ್ಕೆ ಏನಾರ ಒಂದು ಬೇಡ್ವಾ?" ಎಂದರು ಮಾವ.

ಕಾರು ಗಾಡಿ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕದಲ್ಲೇ ನಿಂತಿತು. ಅಧಿಕಾರಿ ಅದನ್ನು ಮಗುವಿನ ಹಾಗೆ ಇಟ್ಟುಕೊಂಡಿದ್ದರು. ಬಾಗಿಲಿನಲ್ಲಿ ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಬಹುದಿತ್ತು, ನನ್ನ ನಾದಿನಿ ಹಾಗೇ ಇಟ್ಟುಕೊಳ್ಳುತ್ತಲೂ ಇದ್ದಳು. ನಮ್ಮ ಯಜಮಾನರು ಡ್ರೈವಿಂಗ್ ಕಲಿತು, ಭಾನುವಾರ ಬಂದರೆ ಬನಶಂಕರಿ ಗುಡಿಯ ತನಕ ಎಲ್ಲರನ್ನೂ ಕೂರಿಸಿಕೊಂಡು ಹೋಗಿ ಬರುತ್ತಿದ್ದರು. ಅತ್ತೆ ಹಿಂದಿನ ಸೀಟಿನಲ್ಲಿ ಕಿಟಕಿಯ ಬದಿಗೇ ಕೂರಬೇಕು. ದಾರಿಯಲ್ಲಿ ಗುರುತಿನವರು ಕಂಡರೆ ಕೈ ಎತ್ತುತ್ತಿರಲಿಲ್ಲ, ಕತ್ತು ಮಾತ್ರ ಸ್ವಲ್ಪ ನೆಟ್ಟಗೆ ಮಾಡುತ್ತಿದ್ದರು. ಅದು ನೋಡಲು ಬಹಳ ಚೆನ್ನಾಗಿರುತ್ತಿತ್ತು.

ನನ್ನ ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ಸುಬ್ರಹ್ಮಣ್ಯಪುರದಿಂದ ಬಂದ ಹೆಣ್ಣು. ಗಟ್ಟಿಗಿತ್ತಿ. ಹೊಲದಲ್ಲಿ ಗಂಡಸರ ಸಮಕ್ಕೆ ನಿಂತವರು. ಅವರ ಕೈಗೆ ಬಿದ್ದ ಹಿತ್ತಾಳೆ ಚಿನ್ನವಾಗಿಯೇ ಈಚೆ ಬರಬೇಕು. ಹಬ್ಬಕ್ಕೆ ಗುಡಿಯ ದೀಪದ ಕಂಬಗಳನ್ನು ಬೆಳಗಲು ಊರಿನವರು ಅವರನ್ನೇ ಕರೆಯುತ್ತಿದ್ದರು. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು ಹಿಡಿದು ಕೂತರೆ ಅವರ ಬಲಗೈ ಬೀಸುವ ಕಲ್ಲಿನ ಹಾಗೆ ತಿರುಗುತ್ತಿತ್ತು. ಕೆಲಸ ಮುಗಿದ ಮೇಲೆ ಪಾತ್ರೆಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, "ಊಂ" ಅನ್ನುವರು. ಅವರು ತಮಗೆ ತಾವೇ ಕೊಟ್ಟುಕೊಳ್ಳುತ್ತಿದ್ದ ಶಹಬ್ಬಾಸ್‌ಗಿರಿ ಅದು.

ಮದುವೆಯಾದ ಮೊದಲ ವರ್ಷದ ನವರಾತ್ರಿಗೆ ನಾನು ತವರಿಗೆ ಹೋಗಿದ್ದೆ. ನಡೆದದ್ದನ್ನು ಆಮೇಲೆ ನಾದಿನಿ ಹೇಳಿದಳು. ಆಯುಧಪೂಜೆಯ ಹಿಂದಿನ ದಿನ ನೇಗಿಲು, ಕುಡುಗೋಲು, ಗುದ್ದಲಿ, ಹಾರೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಾಗಿತ್ತು. ಮಾವನೂ ನಮ್ಮವರೂ ಬಾಳೆಕಂದು, ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಅತ್ತೆಯ ಕಣ್ಣು ಕಾರಿನ ಮೇಲೆ ಬಿತ್ತು. ಮಳೆಯ ಕೆಸರು ಸಿಡಿದಿತ್ತು, ಅಲ್ಲಲ್ಲಿ ಡಾಂಬರಿನ ಚುಕ್ಕೆ. ಆಯುಧವೆಂದ ಮೇಲೆ ಇದೂ ಆಯುಧವೇ, ಪೂಜೆಗೆ ಕೂರುವ ವಸ್ತು ಮಾಸಿರಬಾರದು. ಹುಣಸೆಹಣ್ಣು ಬಂತು, ಹಂಡೆ ಒಲೆಯ ಬೂದಿ ಬಂತು, ತೆಂಗಿನ ನಾರು ಬಂತು. ಬಾನೆಟ್ಟು, ನಾಲ್ಕೂ ಬಾಗಿಲು, ಹಿಂದಿನ ಡಿಕ್ಕಿ, ಒಂದನ್ನೂ ಬಿಡದೆ ಮನಸ್ಸಿಟ್ಟು, ಭಕ್ತಿಯಿಂದ ಉಜ್ಜಿದರು. ಸುತ್ತ ಸುತ್ತ ಉಜ್ಜಿದರು. ಕೊಡಗಟ್ಟಲೆ ನೀರು ಹುಯ್ದರು. ಒದ್ದೆ ಇರುವ ತನಕ ಕಾರು ಥಳಥಳ ಅನ್ನುತ್ತಿತ್ತಂತೆ.

ಮಾರನೆಯ ಬೆಳಿಗ್ಗೆ ಪೂಜೆಗೆಂದು ಕಾರನ್ನು ಕೊಟ್ಟಿಗೆಯಿಂದ ಬಿಸಿಲಿಗೆ ತಂದಾಗ ಕಪ್ಪು ಬಣ್ಣ ಎಲ್ಲೂ ಇರಲಿಲ್ಲ. ಮೈತುಂಬ ಬೂದಿ ಬಣ್ಣದ ಉಂಗುರಗಳು, ಉಂಗುರದೊಳಗೆ ಉಂಗುರ. ಕುಂಬಳಕಾಯಿ ಒಡೆಯುವುದನ್ನು ನೋಡಲು ಬಂದಿದ್ದ ಜನರ ಮುಂದೆ ಮಾವನಿಗೆ ಏನು ತೋಚಿತೋ, "ನಮ್ಮೋಳು ಕಾರನ್ನೂ ಹಂಡೆ ಅನ್ಕಂಡು ಬೆಳಗವ್ಳೆ ಕಣ್ರಪ್ಪ" ಎಂದುಬಿಟ್ಟರು. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಕೈಯಲ್ಲಿದ್ದ ಆರತಿ ತಟ್ಟೆಯನ್ನು ನೆಲಕ್ಕಿಟ್ಟು ಹೇಳಿದರಂತೆ: "ಈ ಗೆರೆ ಹೋಗಗಂಟ ನಾನು ಈ ಕಾರು ಹತ್ತಕಿಲ್ಲ."

ಹೇಳಿದ ಮೇಲೆ ಮುಗಿಯಿತು. ನಾನು ತವರಿನಿಂದ ಬಂದ ವಾರ ಎಲ್ಲರೂ ಕಾರಿನಲ್ಲಿ ಬನಶಂಕರಿಗೆ ಹೊರಟರೆ ಅತ್ತೆ ಮುಂಚಿತವಾಗಿಯೇ ನಡೆದು ಹೋಗಿದ್ದರು. ನಾವು ದಾರಿಯಲ್ಲಿ ಅವರನ್ನು ದಾಟಿದೆವು. ಅವರು ತಿರುಗಿಯೂ ನೋಡಲಿಲ್ಲ. ನನಗೆ ಕೋಪ ನೆತ್ತಿಗೇರಿತ್ತು, ಅತ್ತೆಯ ಮೇಲಲ್ಲ, ಅಂದು ನಕ್ಕವರ ಮೇಲೆ. ಆ ಕೈಗಳ ಶ್ರಮವನ್ನು ತಿಂದು ಬೆಳೆದ ಊರು ಆ ಕೈಗಳನ್ನು ನೋಡಿ ನಗುವುದೆಂದರೇನು? ಮಾವ ಕೂಡ ಅಂದಿನಿಂದ ಕಾರನ್ನು ಎಲ್ಲಿ ಹೋದರೂ ಹೊಂಗೆ ಮರವೋ ಆಲದ ಮರವೋ ನೋಡಿ ನೆರಳಿನಲ್ಲೇ ನಿಲ್ಲಿಸಲು ಹೇಳುತ್ತಿದ್ದರು. ಆಡಿದ ಮಾತು ಅವರನ್ನು ಕೊರೆಯುತ್ತಿತ್ತು, ಆದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಆ ಕಾಲದ ಗಂಡಸರಿಗೆ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅತ್ತೆ ಜೀವಮಾನವೆಲ್ಲ ನಡೆದುಕೊಂಡೇ ಇರುತ್ತಿದ್ದರೋ ಏನೋ. ಅಷ್ಟರಲ್ಲಿ ನಾದಿನಿಯ ಮದುವೆ ಮಡಿವಾಳದ ಹುಡುಗನೊಂದಿಗೆ ಗೊತ್ತಾಯಿತು. ಕಾರ್ತಿಕದಲ್ಲಿ ಮುಹೂರ್ತ. ನಮ್ಮ ಕಡೆ ಆಗ ಮದುವೆ ಗಂಡಿನ ಮನೆಯ ಚಪ್ಪರದಲ್ಲೇ ನಡೆಯುತ್ತಿತ್ತು. ಹೆಣ್ಣಿನ ಕಡೆಯವರು ದಿಬ್ಬಣ ಕಟ್ಟಿಕೊಂಡು ಹೋಗಬೇಕು, ಮದುಮಗಳ ಪಕ್ಕದಲ್ಲಿ ತಾಯಿ ಕೂತು ಕರೆದೊಯ್ಯಬೇಕು. ಮದುಮಗಳು ಕಾರಿನಲ್ಲಿ ಎಂದು ಮಾವ ಆಗಲೇ ಬೀಗರಿಗೆ ಹೇಳಿಯೂ ಬಿಟ್ಟಿದ್ದರು. "ನಾನು ಹಿಂದ್ಗಡೆ ಗಾಡೀಲಿ ಬತ್ತೀನಿ" ಎಂದರು ಅತ್ತೆ. "ಅವ್ವ ಕೂರದಿದ್ರೆ ನಾನೂ ಕೂರಕಿಲ್ಲ, ನಡ್ಕಂಡೇ ಹೋಯ್ತೀನಿ" ಎಂದಳು ನಾದಿನಿ. ತಾಯಿಗೆ ತಕ್ಕ ಮಗಳು. ಅವಳು ಹೇಳಿದ ಹಾಗೆ ಮಾಡುವವಳೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಯಜಮಾನರು ಬಣ್ಣದ ಕೆಲಸದವರೊಬ್ಬರನ್ನು ಕರೆತಂದರು. ಅವರು ಕಾರನ್ನು ಸುತ್ತಿ ನೋಡಿ, ಪೂರ್ತಿ ಕೆರೆದು ಹೊಸದಾಗಿ ಬಣ್ಣ ಹೊಡೆಯಬೇಕು, ದೀಪಾವಳಿಯ ಕೆಲಸ ಬೇಕಾದಷ್ಟಿದೆ, ಮದುವೆಯ ಹೊತ್ತಿಗೆ ಖಂಡಿತ ಆಗುವುದಿಲ್ಲ ಎಂದರು. ಮಾವ ಜಗುಲಿಯ ಮೇಲೆ ತಲೆ ಬಗ್ಗಿಸಿ ಕೂತರು. ನಾನು ಕಾಫಿ ಲೋಟಗಳನ್ನು ಇಟ್ಟು, ಹಾಗೇ ಕಾರಿನ ಬಳಿ ಹೋಗಿ ಬಾನೆಟ್ಟಿನ ಮೇಲೆ ಹೆಬ್ಬೆರಳ ಉಗುರನ್ನು ಅಡ್ಡಕ್ಕೆ ಎಳೆದೆ. ಉಗುರು ಎಲ್ಲೂ ತಡೆಯದೆ ಜಾರಿಕೊಂಡು ಹೋಯಿತು.

ನಮ್ಮಪ್ಪ ಬಸವನಗುಡಿಯಲ್ಲಿ ಮೇಜು, ಕುರ್ಚಿ, ಬೀರುಗಳಿಗೆ ಅರಗಿನ ಪಾಲಿಶ್ ಹಾಕುತ್ತಿದ್ದವರು. ಮನೆಯ ಹಜಾರವೇ ಅವರ ಕಾರ್ಖಾನೆ. ಗಂಡುಮಕ್ಕಳಿಲ್ಲದ ಮನೆ, ಬಟ್ಟೆಯ ಉಂಡೆ ಹಿಡಿದು ಉಜ್ಜುವುದನ್ನು ಬರೆಯಲು ಕಲಿಯುವ ಮೊದಲೇ ನಾನು ಕಲಿತಿದ್ದೆ. ಉಗುರಿಗೆ ಸಿಕ್ಕುವ ಗೆರೆ ಆಳದ್ದು, ಉಗುರಿಗೆ ಸಿಕ್ಕದ ಗೆರೆ ಮೇಲುಮೇಲಿನದು, ತೆಗೆಯಬಹುದು ಎಂದು ಅಪ್ಪ ಹೇಳಿಕೊಟ್ಟಿದ್ದರು. ಕೊನೆಯ ಕೈ ಯಾವಾಗಲೂ ನೆಟ್ಟಗೆ, ಮರದ ಎಳೆಯ ಉದ್ದಕ್ಕೇ ಆಡಬೇಕು ಎಂಬುದೂ ಅವರದೇ ಪಾಠ. ತಗಡಿಗೆ ಎಳೆ ಇಲ್ಲ, ನಿಜ. ಆದರೆ ಮೇಲಿರುವುದು ಬಣ್ಣ ತಾನೆ ಎಂದುಕೊಂಡೆ.

"ನಾನು ತೆಗೀತೀನಿ" ಎಂದೆ.

ಬಣ್ಣದವರು ನಕ್ಕರು. ನಮ್ಮವರು ಹತ್ತಿರ ಬಂದು ಮೆಲ್ಲಗೆ, "ನಿಂಗ್ಯಾಕೆ ಈ ಉಸಾಬರಿ? ಇದು ಕುರ್ಚಿ ಅಲ್ಲ ಕಣೆ" ಎಂದರು. ಬಣ್ಣದವರು ಇನ್ನೊಂದು ಮಾತು ಹೇಳಿದರು, ಆ ಮಾತು ಸರಿಯಾದದ್ದೇ. ಹೆಚ್ಚು ಉಜ್ಜಿದರೆ ಕಪ್ಪು ಸವೆದು ಕೆಳಗಿನ ಪದರದ ಕೆಂಪು ಈಚೆ ಬರುತ್ತದೆ, ಅದರಲ್ಲೂ ತಗಡು ಮಡಿಚುವ ಏಣುಗಳಲ್ಲಿ, ಅಲ್ಲಿ ಬಣ್ಣ ತೀರಾ ತೆಳು, ಆಮೇಲೆ ಉಜ್ಜಿ ಸರಿಮಾಡಲು ಯಾರಿಂದಲೂ ಆಗುವುದಿಲ್ಲ. ಅತ್ತೆ ಹೊಸಿಲಿನಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮಾವ ತಲೆಯೆತ್ತಿ, "ಡಿಕ್ಕಿ ಕೆಳ್ಗಡೆ ಮೂಲೇಲಿ ಒಂಚೂರು ಮಾಡಿ ತೋರ್ಸವ್ವ" ಎಂದರು.

ಪೇಂಟಿನ ಅಂಗಡಿಯಿಂದ ಬಣ್ಣವನ್ನು ತೆಳ್ಳಗೆ ಸವೆಸುವ ಲೇಪ, ಅತಿ ನಯವಾದ ರಬ್ಬಿಂಗ್ ಕಾಂಪೌಂಡು, ಒಂದು ಡಬ್ಬಿ ತರಿಸಿದೆ. ಮೂಲೆಯಲ್ಲಿ ಅಂಗೈಯಗಲ ಜಾಗ ಆರಿಸಿಕೊಂಡೆ. ಅಡಿಕೆಯಷ್ಟು ಕಾಂಪೌಂಡನ್ನು ಬಟ್ಟೆಗೆ ಹಚ್ಚಿ, ಬೆರಳ ತುದಿಯಿಂದ ಒತ್ತದೆ ಇಡೀ ಅಂಗೈ ಊರಿ, ಹಿಂದಕ್ಕೂ ಮುಂದಕ್ಕೂ ನೆಟ್ಟಗೆ ಉಜ್ಜಿದೆ. ಬಟ್ಟೆ ಕಪ್ಪಾಗುತ್ತ ಬಂತು. ಆ ಕಪ್ಪು ಕಾರಿನ ಚರ್ಮ, ಎಷ್ಟು ತೆಗೆದರೆ ಸಾಕು ಎಂಬ ಅಳತೆ ಅಂಗೈಗೆ ಮಾತ್ರ ಗೊತ್ತಾಗಬೇಕು. ಮೊದಮೊದಲು ಬಟ್ಟೆ ಜಗ್ಗುತ್ತದೆ, ಗೆರೆ ಸವೆದ ಮೇಲೆ ತಾನಾಗಿ ಜಾರುತ್ತದೆ. ಜಾರಿದೊಡನೆ ನಿಲ್ಲಿಸಿ, ಒರೆಸಿ, ಮೇಣದ ಪಾಲಿಶ್ ತೆಳ್ಳಗೆ ಸವರಿ, ಮೇಲೆ ಚಿಟಿಕೆ ಮೈದಾ ಉದುರಿಸಿ ಜಿಡ್ಡು ತೆಗೆದೆ. ಯಜಮಾನರು ಕಾರನ್ನು ಬಿಸಿಲಿಗೆ ತಳ್ಳಿದರು. ಎಲ್ಲರೂ ಬಗ್ಗಿ ನೋಡಿದರು. ಅಂಗೈಯಗಲದ ಆ ಜಾಗ ಬಾವಿಯ ನೀರಿನಷ್ಟು ಕಪ್ಪಗಿತ್ತು.

ಬಣ್ಣದವರು ಎರಡನೆಯ ಲೋಟ ಕಾಫಿ ಮುಗಿಸಿದರು. ಹೊರಡುವಾಗ, "ಬಟ್ಟೆ ಅಂಚು ಕಿತ್ತಾಕಿ ಮೇಡಂ, ಹೊಲಿಗೆ ದಾರಾನೂ ಗೀರತ್ತೆ" ಎಂದು ಹೇಳಿ ಹೋದರು. ನನ್ನನ್ನು ಮೇಡಂ ಎಂದು ಕರೆದ ಮೊದಲ ಮನುಷ್ಯ ಅವರು. ಬಟ್ಟೆಯ ಅಂಚನ್ನು ನಾನು ಆಗಲೇ ಕಿತ್ತಿದ್ದೆ, ಆದರೂ ಸುಮ್ಮನೆ ತಲೆಯಾಡಿಸಿದೆ.

ಮಾರನೆಯ ದಿನದಿಂದ ಕೊಟ್ಟಿಗೆಯೇ ನನ್ನ ಠಾಣೆಯಾಯಿತು. ಅಡುಗೆ ಮುಗಿಸಿ ಸೆರಗು ಕಟ್ಟಿದರೆ ಸಂಜೆಯವರೆಗೆ ಉಜ್ಜುವುದು. ಕೆಲಸ ನೆರಳಿನಲ್ಲೇ ಆಗಬೇಕು, ಬಿಸಿಲಿಗೆ ಕಾಂಪೌಂಡು ಒಣಗಿ ಹರಳುಗಟ್ಟುತ್ತದೆ. ಆದರೆ ನೋಡುವುದು ಬಿಸಿಲಿನಲ್ಲೇ, ನೆರಳಿನಲ್ಲಿ ಯಾವ ಗೆರೆಯೂ ಕಾಣಿಸುವುದಿಲ್ಲ. ಹಾಗಾಗಿ ಒಂದೊಂದು ಭಾಗ ಮುಗಿದಾಗಲೂ ಯಜಮಾನರು ಕಾರನ್ನು ಈಚೆ ತಳ್ಳಬೇಕು, ಮತ್ತೆ ಒಳಗೆ ತಳ್ಳಬೇಕು. "ಎತ್ತಿಗೆ ರಜ, ನನಗೆ ನೊಗ" ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ತಳ್ಳುತ್ತಿದ್ದರು. ಮುಗಿದ ಭಾಗದ ಮೇಲೆ ಯಾರಾದರೂ ಬೆರಳಿಟ್ಟರೆ ನಾನು ಅವರೆದುರೇ ಬಟ್ಟೆ ತೆಗೆದುಕೊಂಡು ಒರೆಸುತ್ತಿದ್ದೆ. ಬೆರಳಿಟ್ಟವರು ದೊಡ್ಡವರೇ ಆಗಲಿ, ಬೀಗರೇ ಆಗಲಿ. ಹೊಸ ಸೊಸೆಗೆ ಬಾಯಿ ಜಾಸ್ತಿ ಎಂದು ಊರಿನಲ್ಲಿ ಹೆಸರಾದದ್ದು ಆಗಲೇ. ಆ ಹೆಸರನ್ನು ನಾನು ಇವತ್ತಿನ ತನಕ ಉಳಿಸಿಕೊಂಡು ಬಂದಿದ್ದೇನೆ.

ಅತ್ತೆ ಕೊಟ್ಟಿಗೆಯತ್ತ ಸುಳಿಯುತ್ತಿರಲಿಲ್ಲ. ಒಂದು ದಿನ ಬಟ್ಟೆ ಸಾಲದೆ ಹುಡುಕುತ್ತಿದ್ದಾಗ ಒಂದು ಹಳೆಯ ನೂಲಿನ ಸೀರೆಯನ್ನು ಬಾಗಿಲ ಬಳಿ ಇಟ್ಟು ಹೋದರು. ಒಗೆದು ಒಗೆದು ಬೆಣ್ಣೆಯಂತಾಗಿದ್ದ ಸೀರೆ. ಅದರ ಅಂಚನ್ನು ಅವರೇ ಕಿತ್ತು ತೆಗೆದಿದ್ದರು. ಅಂಚು ಕೀಳಬೇಕೆಂದು ನಾನು ಅವರಿಗೆ ಹೇಳಿರಲಿಲ್ಲ. ಹೊಸಿಲಿನಿಂದಲೇ ಎಲ್ಲವನ್ನೂ ಗಮನಿಸುತ್ತಿದ್ದಾರೆ ಎಂದು ಆಗ ತಿಳಿಯಿತು.

ಬಾನೆಟ್ಟು ಮುಗಿಸುವ ಹೊತ್ತಿಗೆ ನನ್ನ ಭುಜ ಬಿದ್ದುಹೋಗಿತ್ತು. ಇನ್ನೂ ಒಂದು ಬದಿಯ ಬಾಗಿಲುಗಳು ಉಳಿದಿದ್ದವು. ಮದುವೆಯ ಸಾಮಾನು ಮನೆಗೆ ಬರತೊಡಗಿತ್ತು. ನಾನು ತೋಳು ಒತ್ತಿಕೊಳ್ಳುತ್ತ ಕೂತಿದ್ದಾಗ ಅತ್ತೆ ಬಂದು ಎದುರು ನಿಂತರು. "ಕೊಡಿಲ್ಲಿ" ಎಂದು ಬಟ್ಟೆಗೆ ಕೈ ಚಾಚಿದರು. ಆ ಕೈ ಬಾಗಿಲಿಗೆ ತಾಗಿದ್ದೇ ತಡ, ತನ್ನಷ್ಟಕ್ಕೆ ಸುತ್ತ ತಿರುಗತೊಡಗಿತು.

"ಅತ್ತೆ, ಸುತ್ತ ಬೇಡಿ. ನೆಟ್ಟಗೆ, ಉದ್ದಕ್ಕೆ" ಎಂದೆ.

ಎರಡು ಸಲ ನೆಟ್ಟಗೆ ಹೋಗುವುದು, ಮೂರನೆಯ ಸಲ ಕೈ ತಾನಾಗಿ ಸುತ್ತಿಕೊಳ್ಳುವುದು. ಚಿಕ್ಕಂದಿನಿಂದ ಕಲಿತ ಕೈ, ಪಾಪ, ಎಲ್ಲಿಂದ ಮರೆಯಬೇಕು? ಅತ್ತೆಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಬಟ್ಟೆಯನ್ನು ಕಾರಿನ ಮೇಲಿಟ್ಟು, ಪಕ್ಕದಲ್ಲಿ ಮೆಲುಕು ಹಾಕುತ್ತ ನಿಂತಿದ್ದ ಎತ್ತಿನತ್ತ ತಿರುಗಿದರು. ಅದರ ಪಕ್ಕೆಯ ಮೇಲೆ ಅಂಗೈ ಇಟ್ಟು ಹೆಗಲಿನಿಂದ ತೊಡೆಯ ತನಕ ಒಂದು ಸಲ ಎಳೆದರು. ಇನ್ನೊಂದು ಸಲ ಎಳೆದರು. ಎತ್ತಿನ ಮೈಯನ್ನು ಯಾರೂ ಸುತ್ತ ಉಜ್ಜುವುದಿಲ್ಲ, ಕೂದಲು ಮಲಗಿದ ಕಡೆಗೇ ಉಜ್ಜುವುದು.

"ನಾನು ಇದನ್ನ ಪಾತ್ರೆ ಅನ್ಕಂಡೆ ಕಣವ್ವ" ಎಂದರು. "ಇದು ಎತ್ತು."

ಆಮೇಲೆ ಅವರ ಕೈ ಒಂದು ಸಲವೂ ತಿರುಗಲಿಲ್ಲ. ಕಾರಿನ ಮೂತಿಯಿಂದ ಬಾಲದ ಕಡೆಗೆ ಒಂದೇ ಸಮನೆ, ಒಂದೇ ಭಾರ. ನಾನು ಬೆವರಿಳಿಸಿ ಮಾಡುತ್ತಿದ್ದುದನ್ನು ಅವರು ಮಾತಾಡುತ್ತ ಮಾಡುತ್ತಿದ್ದರು. ನಾನು ಪಾಲಿಶ್‌ನವರ ಮಗಳು, ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತಿತ್ತು. ಉಜ್ಜುವ ಶಕ್ತಿ ಅವರದು. "ಸಾಕು ಅತ್ತೆ" ಎಂದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಜೀವನದಲ್ಲಿ ಬೇರೆ ಯಾವ ವಿಷಯದಲ್ಲೂ ಅವರು ನನ್ನ ಮಾತಿಗೆ ಅಷ್ಟು ಸುಲಭವಾಗಿ ನಿಂತದ್ದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕೊನೆಗೆ ಉಳಿದದ್ದು ಹಿಂದಿನ ಬಾಗಿಲಿನ ಹಿಡಿಯ ಮೇಲ್ಗಡೆ, ಏಣಿನ ಅಂಚಿಗೆ ಅಂಟಿದಂತಿದ್ದ ಒಂದೇ ಒಂದು ಉಂಗುರ. ಅಲ್ಲಿ ಎರಡು ಸಲ ಬಟ್ಟೆ ಎಳೆದು ಬಗ್ಗಿ ನೋಡಿದೆ. ಕಪ್ಪಿನ ಅಡಿಯಲ್ಲಿ ಕಂಡೂ ಕಾಣದಂತೆ ಒಂದು ಕೆಂಪು ಛಾಯೆ. ಇನ್ನೊಂದು ಎಳೆತಕ್ಕೆ ಅದು ಈಚೆ ಬರುವುದು ಖಂಡಿತ. ನಾನು ಬಟ್ಟೆ ತೆಗೆದೆ. "ಇದು ಹೋಗಲ್ಲ ಅತ್ತೆ. ತೆಗೆಯಕ್ಕೆ ಹೋದ್ರೆ ಗಾಯ ಆಗತ್ತೆ" ಎಂದೆ. ಅತ್ತೆ ಬಗ್ಗಿ ಆ ಉಂಗುರವನ್ನು ನೋಡಿದರು. ಅವರ ಮನಸ್ಸಿನಲ್ಲಿ ಓಡುತ್ತಿದ್ದುದು ನನಗೆ ತಿಳಿಯದೆ ಇರಲಿಲ್ಲ. ಗೆರೆ ಹೋಗುವ ತನಕ ಎಂದು ಊರ ಮುಂದೆ ಆಡಿದ ಮಾತು, ಆ ಗೆರೆಯಲ್ಲಿ ಒಂದು ಉಳಿದುಬಿಟ್ಟಿತ್ತು. ಬಟ್ಟೆ ಮಡಿಚಿಟ್ಟು ಕೈ ತೊಳೆದುಕೊಳ್ಳಲು ಹೋದರು.

ದಿಬ್ಬಣದ ಬೆಳಿಗ್ಗೆ ನಮ್ಮವರು ಅಭ್ಯಾಸದಂತೆ ಕಾರನ್ನು ಹೊಂಗೆ ಮರದಡಿಗೆ ತಂದರು. ಮಾವ ದಾರಿಗೆ ಅಡ್ಡ ನಿಂತು, "ಅಲ್ಲಿ ಬೇಡ ಕಣ್ಲಾ. ಬಿಸ್ಲಿಗೆ ಹಾಕು" ಎಂದರು. ಗುಡಿಯ ಮುಂದಿನ ಬಯಲಿನಲ್ಲಿ, ಎಲೆಯ ನೆರಳೂ ಬೀಳದ ಕಡೆ ಕಾರು ನಿಂತಿತು. ಕಾರ್ತಿಕದ ತಿಳಿ ಬಿಸಿಲು. ಬಾನೆಟ್ಟಿನಲ್ಲಿ ಸೂರ್ಯ ಒಂದೇ ಒಂದು ಚುಕ್ಕೆಯಾಗಿ ಕೂತಿದ್ದ, ಅವನ ಸುತ್ತ ಏನೂ ಇರಲಿಲ್ಲ. ಬಾಗಿಲುಗಳಲ್ಲಿ ಗುಡಿಯ ಗೋಪುರ ಕಾಣುತ್ತಿತ್ತು, ಗಾಡಿಗಳು ಕಾಣುತ್ತಿದ್ದವು, ಅಂದು ನಕ್ಕವರ ಮುಖಗಳೂ ಕಾಣುತ್ತಿದ್ದವು. ಯಾರೋ ಒಬ್ಬರು ಹೊಸ ಬಣ್ಣವೇ ಎಂದು ಕೇಳಿದರು. "ಬಣ್ಣ ಅದೇ ಹಳೇದು. ನಮ್ಮ ಮನೆ ಹೆಣ್ಮಕ್ಳು ಉಜ್ಜಿ ತೆಗೆದವ್ರೆ" ಎಂದರು ಮಾವ, ಎಲ್ಲರಿಗೂ ಕೇಳುವ ಹಾಗೆ. ನನಗೆ ಆ ಕ್ಷಣ ನಿಂತ ನೆಲ ಸಾಲದೆ ಹೋಯಿತು.

ಮದುಮಗಳು ಕೂತಳು. ಪಕ್ಕದ ಜಾಗ ಖಾಲಿ ಇತ್ತು. ಅತ್ತೆ ಹಸಿರು ರೇಷ್ಮೆ ಸೀರೆಯುಟ್ಟು, ಮಡಿಲಕ್ಕಿ ಹಿಡಿದು ಬಾಗಿಲ ತನಕ ಬಂದರು, ಅಲ್ಲಿಯೇ ನಿಂತರು. ಅವರ ಕಣ್ಣು ಬಾಗಿಲ ಹಿಡಿಯ ಮೇಲಿತ್ತು. ಆ ಬಿಸಿಲಿನಲ್ಲಿ ಉಂಗುರ ಎದ್ದು ಕಾಣುತ್ತಿತ್ತು. ವಾಲಗದವರು ನುಡಿಸುವುದನ್ನು ನಿಲ್ಲಿಸಿದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಒಳಗಿದ್ದ ನಾದಿನಿ ಇಳಿಯಲು ಸೀರೆ ಸರಿಮಾಡಿಕೊಂಡದ್ದನ್ನು ನಾನು ಕಂಡೆ.

ಮಾವ ಮುಂದಿನಿಂದ ಬಳಸಿ ಬಂದರು. ಹೆಂಡತಿಗೆ ಒಂದು ಮಣೆ ಕೂಡ ಹಾಕಿಕೊಟ್ಟವರಲ್ಲ ಅವರು. ಇಡೀ ಊರು ನೋಡುತ್ತಿದ್ದ ಹಾಗೆ ಕಾರಿನ ಬಾಗಿಲು ತೆಗೆದು ಹಿಡಿದರು. ತೆಗೆದು, ತಮ್ಮ ಬಲ ಅಂಗೈಯನ್ನು ಆ ಉಂಗುರದ ಮೇಲೆ ಪೂರ್ತಿ ಊರಿ ಮುಚ್ಚಿದರು.

"ಈಗ ಎಲ್ಲೈತೆ ಗೆರೆ?" ಎಂದರು ಮೆಲ್ಲಗೆ. "ತೆಪ್ಪಾಯ್ತು ಕಣೆ. ಹತ್ತು."

ಅತ್ತೆ ಅವರ ಮುಖ ನೋಡಿದರು, ಕೈ ನೋಡಿದರು. ಆಮೇಲೆ ಎತ್ತಿನ ಪಕ್ಕೆಗೆ ತಟ್ಟುವಂತೆ ಕಾರಿನ ಮೈಗೆ ಒಮ್ಮೆ ತಟ್ಟಿ ಒಳಗೆ ಕೂತು ಕತ್ತು ನೆಟ್ಟಗೆ ಮಾಡಿದರು. ಬಾಗಿಲು ಮುಚ್ಚುವ ತನಕ ಮಾವ ಕೈ ತೆಗೆಯಲಿಲ್ಲ. ತೆಗೆದಾಗ ನನ್ನ ಕಪ್ಪು ಪಾಲಿಶಿನ ಮೇಲೆ ಐದು ಬೆರಳೂ ಬೆವರಿನಲ್ಲಿ ಮೂಡಿದ್ದವು. ಬಟ್ಟೆ ನನ್ನ ಸೊಂಟದಲ್ಲೇ ಇತ್ತು. ಒರೆಸಲಿಲ್ಲ.